ದ್ರಾಕ್ಷಿ ತೋಟದಲ್ಲಿ ನಾನಿಲ್ಲದ ಒಂದು ಗಂಟೆ

ತಪ್ಪು ಕಿವಿಗೆ ಬಿದ್ದಾಗ ಬಾಯಿ ಮುಚ್ಚಿಕೊಂಡಿರುವುದು ಒಂದು ವಿದ್ಯೆ. ಕೆಲವರಿಗೆ ಅದು ಹುಟ್ಟಿನಿಂದ ಬರುತ್ತದೆ, ಕೆಲವರಿಗೆ ಮದುವೆಯಿಂದ ಬರುತ್ತದೆ. ನನಗೆ ಎರಡರಿಂದಲೂ ಬರಲಿಲ್ಲ. ಯಾರಾದರೂ ಯಲಹಂಕದ ರೈಲು ಐದೂವರೆಗೆ ಎಂದರೆ, ಅದು ಐದೂವರೆಗೆ ಅಲ್ಲ, ಅದಕ್ಕೆ ಐದು ನಿಮಿಷ ಮುಂಚೆ ಎಂದು ಹೇಳುವವರೆಗೆ ನನ್ನ ಗಂಟಲಲ್ಲಿ ಕಡಲೆಬೇಳೆ ಸಿಕ್ಕಿಕೊಂಡ ಹಾಗಾಗುತ್ತದೆ. ಹೇಳಿದ ಮೇಲೆ ನನ್ನ ಗಂಟಲು ಸರಿಯಾಗುತ್ತದೆ, ಅವರ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಇದು ನನ್ನ ತಪ್ಪಲ್ಲ ಎಂದು ಬಹಳ ವರ್ಷ ನಂಬಿದ್ದೆ. ನಮ್ಮ ತಂದೆ ಯಲಹಂಕದ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ಮನೆಯಲ್ಲೂ ನಾವು ಮಕ್ಕಳು ಎತ್ತರದ ಕ್ರಮದಲ್ಲಿ ಊಟಕ್ಕೆ ಕೂರುತ್ತಿದ್ದೆವು. ತಮ್ಮ ನನಗಿಂತ ಉದ್ದ ಬೆಳೆದ ವರ್ಷ ನನ್ನ ತಟ್ಟೆಯ ಜಾಗ ಬದಲಾಯಿತು, ನಾನು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆದರೂ ಕ್ರಮ ಸರಿಯಾಗಿಯೇ ಇದೆ ಎಂದು ಒಪ್ಪಿಕೊಂಡೆ.

ಓದು ಮುಗಿದ ಮೇಲೆ ಯಶವಂತಪುರದ ಕಡೆಯ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಕೆಲಸ ಸಿಕ್ಕಿತು. ನನಗಾಗಿಯೇ ಆ ಆಫೀಸನ್ನು ಕಟ್ಟಿಸಿದ್ದರೇನೋ ಎನ್ನುವಷ್ಟು ಒಪ್ಪಿತು. ಟೈಮ್ ಆಫೀಸ್ ಎಂದರೆ ಯಾರು ಯಾವಾಗ ಒಳಗೆ ಬಂದರು, ಯಾವಾಗ ಹೊರಗೆ ಹೋದರು ಎಂದು ನೋಡಿಕೊಳ್ಳುವ ಜಾಗ. ಒಳಗೆ ಅವರು ಏನು ಮಾಡಿದರು ಎಂಬುದು ನಮಗೆ ಸಂಬಂಧಪಟ್ಟದ್ದಲ್ಲ. ಈಗ ಕೂತು ಯೋಚಿಸಿದರೆ, ನಾನು ಫ್ರಾನ್ಸ್ ದೇಶಕ್ಕೂ ಹಾಗೆಯೇ ಹೋಗಿ ಬಂದೆ ಅನಿಸುತ್ತದೆ.

ಫ್ರಾನ್ಸ್ ಎಂದಾಗ ಓದುಗರು ಹುಬ್ಬೇರಿಸಬಹುದು. ನಮ್ಮಂಥವರು ರಿಟೈರಾದರೆ ಕಾಶಿಗೆ ಹೋಗುತ್ತಾರೆ. ನಾವೂ ಕಾಶಿಗೇ ಹೋಗಬೇಕಿತ್ತು. ಆದರೆ ಎಪ್ಪತ್ತರ ದಶಕದ ಕೊನೆಯಲ್ಲಿ ಸಂಜಯನಗರದಲ್ಲಿ ಮನೆ ಕಟ್ಟಿಸಿ ಮಹಡಿಯನ್ನು ಬಾಡಿಗೆಗೆ ಕೊಟ್ಟಾಗ ಅಲ್ಲಿಗೆ ಬಂದವನು ಪಿಯೆರ್ ಎಂಬ ಫ್ರೆಂಚ್ ಎಂಜಿನಿಯರ್. ನಮ್ಮ ಕಾರ್ಖಾನೆಗೆ ಹೊಸ ಯಂತ್ರ ಜೋಡಿಸಿಕೊಡಲು ಬಂದಿದ್ದ. ನನ್ನ ಹೆಂಡತಿ ರತ್ನ ಅವನನ್ನು ಮೊದಲ ವಾರದಲ್ಲೇ ಪಿಯೆರಪ್ಪ ಮಾಡಿದಳು, ಎರಡನೆಯ ವಾರದಲ್ಲಿ ಮುದ್ದೆ ನುಂಗುವುದನ್ನು ಕಲಿಸಿದಳು. ಬಸ್ಸಾರಿನ ವಾಸನೆ ಮಹಡಿಗೆ ಏರಿದ ದಿನ ಅವನು ತಟ್ಟೆ ಹಿಡಿದುಕೊಂಡೇ ಕೆಳಗಿಳಿಯುತ್ತಿದ್ದ. ಹೊರಡುವಾಗ ಕಲಿತ ಅಷ್ಟೂ ಕನ್ನಡ ಸೇರಿಸಿ, "ಅಮ್ಮಾ, ನಮ್ಮೂರು ಬರಬೇಕು, ನಮ್ಮಮ್ಮ ತೋಟ ನೋಡಬೇಕು" ಎಂದ. ಬೀಳ್ಕೊಡುವಾಗ ಎಲ್ಲರೂ ಹಾಗೆ ಹೇಳುತ್ತಾರೆ ಎಂದು ನಾನು ಸುಮ್ಮನಾದೆ. ರತ್ನ ಸುಮ್ಮನಾಗಲಿಲ್ಲ. ನಾನು ರಿಟೈರಾದ ವರ್ಷ, "ಕಾಶಿ ಎಲ್ಲಿಗೂ ಹೋಗಲ್ಲ, ಆ ಅಜ್ಜಿಗೆ ವಯಸ್ಸಾಗಿದೆ" ಎಂದಳು. ಅಜ್ಜಿ ಎಂದರೆ ಪಿಯೆರನ ತಾಯಿ, ರತ್ನ ಅವರನ್ನು ಫೋಟೋದಲ್ಲಿ ಮಾತ್ರ ನೋಡಿದ್ದಳು.

ಅವಳಿಗೆ ಆ ತೋಟದ ಹುಚ್ಚು ಏಕೆ ಹತ್ತಿತು ಎಂಬುದನ್ನೂ ಹೇಳಬೇಕು. ರತ್ನ ಕೊಡಿಗೇಹಳ್ಳಿಯವಳು. ಅವಳ ತಂದೆಗೆ ಅಲ್ಲಿ ದ್ರಾಕ್ಷಿ ಚಪ್ಪರವಿತ್ತು. ಆ ಮನೆಯಲ್ಲಿ ಗೋಡೆಗೆ ಗಡಿಯಾರವಿದ್ದರೂ ಅದನ್ನು ನೋಡುತ್ತಿದ್ದವನು ವಾರಕ್ಕೊಮ್ಮೆ ಹೋಗುತ್ತಿದ್ದ ಅಳಿಯನಾದ ನಾನೊಬ್ಬನೇ. ಅವರೆಲ್ಲ "ಹಸು ಬಂದ ಮೇಲೆ", "ಬಿಸಿಲು ಬಾವಿ ದಾಟಿದಾಗ", "ತಂಗಿ ಬಾಣಂತನದ ವರ್ಷ" ಎಂದು ಕಾಲ ಹೇಳುವವರು. ಇಂಥ ಮನೆಯ ಹೆಣ್ಣು ಟೈಮ್ ಆಫೀಸಿನವನ ಕೈ ಹಿಡಿದು ಮೂವತ್ತು ಚಿಲ್ಲರೆ ವರ್ಷ ಬಾಳಿದ್ದು ಹೇಗೆ ಎಂದು ನನ್ನನ್ನು ಯಾರೂ ಕೇಳಿಲ್ಲ. ಅವಳನ್ನು ಕೇಳಿರಬಹುದು.

ಪ್ರವಾಸದ ಏರ್ಪಾಡು ನನ್ನದು. ಮೊದಲು ಪ್ಯಾರಿಸ್, ಆಮೇಲೆ ತೆಂಕಣ ಸಮುದ್ರ ತೀರದ ನೀಸ್, ಅಲ್ಲಿಂದ ಮೇಲೆ ಬಂದು ಲಿಯೋನ್ ನಗರದಲ್ಲಿ ಪಿಯೆರನ ಮನೆ, ಕೊನೆಗೆ ಅವನ ತಾಯಿಯ ಹಳ್ಳಿ, ಬರ್ಗಂಡಿ ಎಂಬ ವೈನಿನ ಸೀಮೆ. ನನ್ನ ಕೈಗಡಿಯಾರ ಅಲ್ಲಿನ ಸಮಯ ತೋರಿಸುತ್ತಿತ್ತು. ಜೇಬಿನಲ್ಲಿದ್ದ ಇನ್ನೊಂದನ್ನು ಬೆಂಗಳೂರಿನ ಸಮಯಕ್ಕೇ ಬಿಟ್ಟಿದ್ದೆ, ಸಂಜಯನಗರಕ್ಕೆ ಹಾಲಿನವನು ಯಾವಾಗ ಬಂದ ಎಂದು ತಿಳಿದಿರಲಿ ಎಂದು. ತಿಳಿದು ಏನು ಮಾಡುತ್ತಿದ್ದೆ ಎಂದು ರತ್ನ ಕೇಳಿದಳು. ನಾನು ಅದಕ್ಕೆ ಕೀಲಿ ಕೊಡುತ್ತಿದ್ದೆ.

ಪ್ಯಾರಿಸ್ಸಿನಲ್ಲಿ ನೋಡಬೇಕಾದದ್ದನ್ನೆಲ್ಲ ನಾನು ನೋಡಿದೆ. ರತ್ನ ಹೋಟೆಲ್ಲಿನ ಕಿಟಕಿಯಿಂದ ಎದುರು ಮನೆಯ ಹೆಂಗಸು ಬಟ್ಟೆ ಒಣಹಾಕುವುದನ್ನು ನೋಡಿದಳು. ನಾನು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತು ಟಿಕೀಟು ಜೇಬಿನಲ್ಲಿದೆಯೇ ಎಂದು ಮೂರನೆಯ ಸಲ ಮುಟ್ಟಿ ನೋಡುತ್ತಿದ್ದರೆ ಅವಳು, "ನೋಡ್ರೀ, ಗಂಡನ ಷರಟು ಬೇರೆ ಕಡೆ ಹಾಕ್ತಾಳೆ, ಜಗಳ ಆಗಿರ್ಬೇಕು" ಎಂದಳು. ನಾನು ಕಿಟಕಿಯ ಹತ್ತಿರ ಹೋಗಲಿಲ್ಲ. ಅಂದು ನೋಡಬೇಕಿದ್ದ ಅರಮನೆಯ ಬಾಗಿಲು ತೆರೆಯುವ ಹೊತ್ತಾಗಿತ್ತು, ಅವಳನ್ನು ಹೊರಡಿಸಿಕೊಂಡು ಹೋದೆ. ಅರಮನೆಯಲ್ಲಿ ಏನಿತ್ತು ಎಂದು ಈಗ ಕೇಳಿದರೆ ದೊಡ್ಡದಾಗಿತ್ತು ಎನ್ನಬಲ್ಲೆ. ಆ ಷರಟು ಮರುದಿನ ಯಾವ ಕಡೆ ಇತ್ತು ಎಂಬುದು ಅವಳಿಗೆ ಗೊತ್ತು.

ಇಷ್ಟಾಗಿಯೂ ನಾವು ಜಗಳವಾಡಲಿಲ್ಲ, ಸುಖವಾಗಿಯೇ ಸುತ್ತಿದೆವು. ತೊಂದರೆ ಶುರುವಾದದ್ದು ಮನೆಗೆ ಬಂದ ಮೇಲೆ.

ನಮ್ಮ ಬೀದಿಯಲ್ಲಿ ಆಗ ಒಂದು ಪದ್ಧತಿಯಿತ್ತು. ಯಾರಾದರೂ ದೂರದ ಊರಿಗೆ ಹೋಗಿ ಬಂದರೆ ನೆರೆಯವರೆಲ್ಲ ಸಂಜೆ ಸೇರಿ ಕಥೆ ಕೇಳುವುದು. ತಿರುಪತಿಯಾದರೆ ಲಡ್ಡಿನ ಚೂರಿಗೆ ಮುಗಿಯುತ್ತಿತ್ತು. ಫ್ರಾನ್ಸಾದ್ದರಿಂದ ಮೂರು ಸಂಜೆ ಬೇಕು ಎಂದು ಬೀದಿಯವರೇ ತೀರ್ಮಾನಿಸಿದರು. ಹೆಂಗಸರಿಗೆ ಅರಿಶಿನ ಕುಂಕುಮ, ಒಂದೊಂದು ಚಾಕಲೇಟು. ಮುಂದಿನ ಸಾಲಿನಲ್ಲಿ ಪಕ್ಕದ ಮನೆಯ ನೀಲವ್ವ. ಗದಗಿನ ಕಡೆಯವರು, ಗಂಡ ಹೆಬ್ಬಾಳದ ಕಾಲೇಜೊಂದರಲ್ಲಿ ಮೇಷ್ಟ್ರು. ಕಥೆ ಕೇಳುವುದರಲ್ಲಿ ನೀಲವ್ವನವರನ್ನು ಮೀರಿಸುವವರಿಲ್ಲ. ಅವರ "ಆಮ್ಯಾಲೆ?" ಎಂಬ ಒಂದು ಮಾತಿಗೆ ಕಲ್ಲೂ ಬಾಯಿ ಬಿಟ್ಟೀತು.

ಮೊದಲ ಸಂಜೆ ಪ್ಯಾರಿಸ್ಸನ್ನು ನಾನು ಹೇಳಿದೆ. ಅಲ್ಲಿನ ರೈಲುಗಳು ಹೇಗೆ ಗಡಿಯಾರದ ಮುಳ್ಳು ಅಲುಗಿದೊಡನೆ ಹೊರಡುತ್ತವೆ ಎಂಬುದನ್ನು ಉದಾಹರಣೆ ಸಹಿತ ವಿವರಿಸಿದೆ. ನೀಲವ್ವನವರ ಗಂಡ ಆಕಳಿಸಿದರು. ಎರಡನೆಯ ಸಂಜೆ ನೀಸ್ ಊರನ್ನು ರತ್ನ ಹೇಳಿದಳು. ಸಮುದ್ರದ ದಂಡೆಯಲ್ಲಿ ಮರಳೇ ಇಲ್ಲ, ಬರೀ ಬೆಣಚುಕಲ್ಲು, ಅದರ ಮೇಲೆ ಜನ ಸಂಡಿಗೆ ಇಟ್ಟ ಹಾಗೆ ಸಾಲಾಗಿ ಮಲಗಿದ್ದಾರೆ, ಒಂದು ಮಗ್ಗುಲು ಒಣಗಿದ ಮೇಲೆ ತಾವೇ ಮಗುಚಿಕೊಳ್ಳುತ್ತಾರೆ, ಕಾಗೆ ಓಡಿಸಲು ಮಾತ್ರ ಯಾರೂ ಕೂತಿಲ್ಲ ಎಂದಳು. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು, ಗಂಡಸರು ಇನ್ನೂ ವಿವರ ಇದೆಯೇನೋ ಎಂದು ಮುಂದೆ ಬಾಗಿದರು. ನಾನು ಅವರಿಗೆ, ಅದು ನೀಸ್ ಅಲ್ಲ, ನೀಸ್‌ನ ಪಕ್ಕದ ಊರು, ನೀಸ್ ದಂಡೆಯಲ್ಲಿ ಅಂದು ಮೋಡವಿತ್ತು ಎಂದು ತಿಳಿಸಿದೆ. ನಗು ನಿಂತಿತು. ಮೋಡ ಬಂದರೆ ನಿಲ್ಲುವಂತೆಯೇ ನಿಂತಿತು. ರತ್ನ "ಇವರು ಹೇಳಿದ್ದೇ ಸರಿ, ಪಕ್ಕದ ಊರು" ಎಂದು ಮುಂದುವರಿಸಿದಳು. ಆಮೇಲೆ ನಾನು ಅಂಗಡಿಯವನ ಟೋಪಿಯ ಬಣ್ಣ, ಐಸ್‌ಕ್ರೀಮ್ ತಿಂದದ್ದು ಊಟಕ್ಕೆ ಮೊದಲೋ ನಂತರವೋ ಎಂಬ ಒಂದೆರಡು ಸಣ್ಣ ವಿಷಯಗಳನ್ನಷ್ಟೇ ಸರಿಪಡಿಸಿದೆ.

ಮೂರನೆಯ ಸಂಜೆ ದ್ರಾಕ್ಷಿ ತೋಟ. ಇಲ್ಲಿ ನಿಂತು ಓದುಗರಿಗೆ ಒಂದು ಸಂಗತಿ ಹೇಳಬೇಕು. ಇಡೀ ಪ್ರವಾಸದಲ್ಲಿ ನಾನಿಲ್ಲದೆ ರತ್ನ ಒಬ್ಬಳೇ ಇದ್ದದ್ದು ಒಂದೇ ಒಂದು ಗಂಟೆ, ಅದೂ ಆ ತೋಟದಲ್ಲಿ. ಮಧ್ಯಾಹ್ನದ ಊಟ ಮುಗಿದಿತ್ತು. ಪಿಯೆರ್ ಕೆಲಸವಿದ್ದುದರಿಂದ ಲಿಯೋನಿನಲ್ಲೇ ಉಳಿದಿದ್ದ. ನಮಗೆ ಮರುದಿನ ಹಿಂದಿರುಗಲು ಬಸ್ಸು ಯಾವಾಗ ಎಂದು ಅವನು ಹೇಳಿಯೇ ಇದ್ದ. ಆದರೂ ಹೇಳಿದ್ದು ಬೇರೆ, ನಿಲ್ದಾಣದ ಫಲಕ ನೋಡುವುದು ಬೇರೆ. ನಾನು ಎದ್ದು ಹೋದೆ. ಫಲಕದಲ್ಲಿ ಅವನು ಹೇಳಿದ ಸಮಯವೇ ಇತ್ತು. ಹಿಂದಿರುಗಿ ಬಂದಾಗ ತೋಟದ ಮೋಟುಗೋಡೆಯ ಮೇಲೆ ಇಬ್ಬರೂ ಹೆಂಗಸರು ಕಾಲು ಇಳಿಬಿಟ್ಟು ಕೂತಿದ್ದರು. ಅಜ್ಜಿಯ ಹಣೆಯಲ್ಲಿ ಕುಂಕುಮ. ರತ್ನಳ ತಲೆಗೆ ಅಜ್ಜಿಯ ಹೂವಿನ ಚಿತ್ರದ ತಲೆವಸ್ತ್ರ. ಇಬ್ಬರ ಕೈಯೂ ಮೊಣಕೈವರೆಗೆ ನೇರಳೆ ಬಣ್ಣ. ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಇವಳಿಗೆ ಅವರ ಭಾಷೆ ಒಂದಕ್ಷರ ಬಾರದು, ಅವರಿಗೆ ಇವಳದು. ನನ್ನನ್ನು ಕಂಡೊಡನೆ ಇಬ್ಬರೂ ಗಪ್‌ಚಿಪ್. ಏನು ಎಂದು ಕೇಳಿದೆ. "ಆಮೇಲೆ ಹೇಳ್ತೀನಿ" ಎಂದಳು. ಮದುವೆಯಾದಾಗಿನಿಂದ ಅವಳು ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಎಂಬುದು ಆ ಮೂರನೆಯ ಸಂಜೆ ಬರುವುದಿತ್ತು.

ಅವಳು ಚೆನ್ನಾಗಿಯೇ ಶುರು ಮಾಡಿದಳು. ಕಾರಿನಿಂದ ಇಳಿದೆವು ಎಂದಳು. ಕಾರಲ್ಲ, ಬಸ್ಸು ಎಂದೆ. ಸರಿ, ಬಸ್ಸು. ಮನೆಯ ಬಾಗಿಲು ಹಸಿರು ಎಂದಳು. ಕಿಟಕಿ ಹಸಿರು, ಬಾಗಿಲು ಮರದ ಬಣ್ಣ ಎಂದೆ. ನೀಲವ್ವ ನನ್ನ ಕಡೆ ಒಮ್ಮೆ ತಿರುಗಿ ನೋಡಿದರು. ಆ ನೋಟದ ಅರ್ಥ ಈಗ ತಿಳಿಯುತ್ತದೆ. ಆಗ, ಇವರಾದರೂ ಗಮನವಿಟ್ಟು ಕೇಳುತ್ತಿದ್ದಾರಲ್ಲ ಎಂದು ಸಂತೋಷಪಟ್ಟೆ. ರತ್ನ ಮುಂದುವರಿಸಿದಳು.

"ಎಲೆ ಮೇಲೆ ನೀಲಿ ಕಲೆ ನೋಡಿದ ತಕ್ಷಣ ನಂಗೆ ಎದೆ ಜುಂ ಅಂತು. ನಮ್ಮಪ್ಪ ಬಳ್ಳಿ ರೋಗಕ್ಕೆ ಹೊಡೀತಿದ್ರಲ್ಲ ಮೈಲುತುತ್ತ ಸುಣ್ಣ, ಅದೇ. ಬೆರಳಲ್ಲಿ ಉಜ್ಜಿ ಅಜ್ಜಿಗೆ ತೋರಿಸ್ದೆ. ಅಜ್ಜಿ ನನ್ನ ಕೈ ಹಿಡ್ಕೊಂಡು ತೋಟದ ಆ ತುದೀಗೆ ಕರ್ಕೊಂಡ್ ಹೋದ್ರು. ಅಲ್ಲಿ..."

"ಆಮ್ಯಾಲೆ?" ಎಂದರು ನೀಲವ್ವ.

"ತುದಿ ಅಲ್ಲ ರತ್ನ, ಹಿಂಭಾಗ. ತುದಿ ಅಂದ್ರೆ ಬೆಟ್ಟದವರೆಗೂ ಹೋಗುತ್ತೆ ಆ ತೋಟ" ಎಂದೆ ನಾನು.

ರತ್ನ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಸಮಾಧಾನ ಮಾಡಬಹುದಿತ್ತು. ಬಹಳ ಮರ್ಯಾದೆಯಿಂದ ಸೆರಗು ಹೊದ್ದುಕೊಂಡು, "ನೀವೇ ಹೇಳಿ. ನಿಮಗೆ ಚೆನ್ನಾಗಿ ನೆನಪಿದೆ" ಎಂದು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಬೀದಿಯವರೆಲ್ಲ ನನ್ನ ಕಡೆ ತಿರುಗಿದರು. ನಾನು ಗಂಟಲು ಸರಿಮಾಡಿಕೊಂಡು ಬಾಯಿ ತೆರೆದೆ. ಆಗ ಹೊಳೆಯಿತು, ನಾನು ಅಲ್ಲಿರಲಿಲ್ಲ. ಅಷ್ಟು ಜನರ ಮುಂದೆ ತೆರೆದ ಬಾಯನ್ನು ಸುಮ್ಮನೆ ಮುಚ್ಚಲಾದೀತೇ? ಬಸ್ ನಿಲ್ದಾಣದ ಫಲಕದ ಬಗ್ಗೆ ಹೇಳಿದೆ. ಅದು ಎಷ್ಟು ಅಚ್ಚುಕಟ್ಟಾಗಿತ್ತು, ಅಕ್ಷರಗಳು ಎಷ್ಟು ದೊಡ್ಡದಾಗಿದ್ದವು ಎಂದು. ನೀಲವ್ವನವರ ಗಂಡ ಈ ಸಲ ಆಕಳಿಸಲೂ ಇಲ್ಲ, ಎದ್ದು ಹೋದರು.

ಅಂದಿನಿಂದ ಆ ಗಂಟೆ ನನ್ನ ಬೆನ್ನು ಹತ್ತಿದೆ. ಏನಿತ್ತು ತೋಟದ ತುದಿಯಲ್ಲಿ? ಹಿಂಭಾಗದಲ್ಲಿ ಎನ್ನಬೇಕು, ಇರಲಿ, ತುದಿಯಲ್ಲಿಯೇ. ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತ ಕೇಳಿದೆ. "ಏನಿಲ್ಲ, ಅಂಥದ್ದೇನು ನಡೀಲಿಲ್ಲ" ಎಂದಳು. ಏನೂ ನಡೆಯದೆ ಯಾರೂ ಹಾಗೆ ನಗುವುದಿಲ್ಲ. ಒಂದು ದಿನ ಯಶವಂತಪುರದ ಮಾರುಕಟ್ಟೆಯಿಂದ ಕಪ್ಪು ದ್ರಾಕ್ಷಿ ತಂದು ಅವಳ ಮುಂದಿಟ್ಟು, ಇದನ್ನು ನೋಡಿದರೆ ಏನಾದರೂ ಜ್ಞಾಪಕ ಬರುತ್ತದೆಯೇ ಎಂದೆ. ಒಂದು ಬಾಯಿಗೆ ಹಾಕಿಕೊಂಡು, "ಚೌಕಾಸಿ ಮಾಡ್ದೆ ತಂದಿದೀರಿ ಅಂತ ಜ್ಞಾಪಕ ಬರ್ತಿದೆ" ಎಂದಳು.

ಕೊಡಿಗೇಹಳ್ಳಿಗೇ ಕರೆದುಕೊಂಡು ಹೋದೆ. ಅವಳ ತಮ್ಮ ಮುನಿರಾಜು ಹಳೆಯ ಚಪ್ಪರದ ನಾಲ್ಕು ಸಾಲು ಇನ್ನೂ ಉಳಿಸಿಕೊಂಡಿದ್ದಾನೆ. ಅದರ ನೆರಳಿಗೆ ಹೋದೊಡನೆ ಅವಳ ಮುಖ ಬದಲಾಯಿತು. "ಅಲ್ಲೂ ಮೈಲುತುತ್ತಾನೇ ಹೊಡೀತಾರೆ ಕಣೋ" ಎಂದು ತಮ್ಮನಿಗೆ ಹೇಳಿದಳು. ಅವನು, "ಅಂಗಾ? ನಮ್ದೂ ಅವ್ರ್ದೂ ಒಂದೇ ರೋಗ ಅನ್ನು" ಎಂದ. ಅವಳು ನಕ್ಕಳು. ಬಂತು, ಈಗ ಬಂತು ಎಂದು ನಾನು ಒಂದು ಹೆಜ್ಜೆ ಹತ್ತಿರ ಸರಿದೆ. ಆದರೆ ಮುನಿರಾಜು ಮರ್ಯಾದಸ್ಥ. ಭಾವನವರು ನಿಂತಿರುವಾಗ ಅಕ್ಕನನ್ನು ಕೇಳುವುದು ಸರಿಯಲ್ಲ ಎಂದು ನನ್ನ ಕಡೆ ತಿರುಗಿ, "ಭಾವ, ಅಲ್ಲಿ ಚಪ್ಪರ ಎಷ್ಟೆತ್ತರ ಆಕ್ತಾರೆ?" ಎಂದ. ಅಲ್ಲಿ ಚಪ್ಪರವೇ ಇಲ್ಲ, ಬಳ್ಳಿಯನ್ನು ಸೊಂಟದ ಎತ್ತರಕ್ಕೆ ಸವರಿ ತಂತಿಗೆ ಕಟ್ಟುತ್ತಾರೆ. ನನಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಹೇಳದಿರುವುದು ಹೇಗೆ? ಸಾಲಿನಿಂದ ಸಾಲಿಗೆ ಎಷ್ಟು ಅಂತರ ಎಂಬುದನ್ನೂ ಹೆಜ್ಜೆ ಹಾಕಿ ತೋರಿಸಿದೆ. ತಿರುಗಿ ನೋಡಿದರೆ ರತ್ನ ಅಲ್ಲಿರಲಿಲ್ಲ, ತಮ್ಮನ ಹೆಂಡತಿಯ ಜೊತೆ ಹಿತ್ತಿಲಲ್ಲಿ ಸೊಪ್ಪು ಬಿಡಿಸುತ್ತಿದ್ದಳು.

ನಾನು ಕೈಬಿಟ್ಟೆ. ಆದರೆ ಸುಮ್ಮನಿರುವುದನ್ನು ಕಲಿಯಲು ಹೊರಟೆ. ಈ ವಯಸ್ಸಿನಲ್ಲಿ ಈಜು ಕಲಿಯುವುದು ಇದಕ್ಕಿಂತ ಸುಲಭವಿದ್ದೀತು. ಯಾರೋ ಈಚೆಗಿರುವ ಬಾಗಲಗುಂಟೆಯನ್ನು ಹೆಸರಘಟ್ಟದ ಆಚೆಗಿದೆ ಎಂದರು, ನಾನು ಸುಮ್ಮನಿದ್ದೆ. ರೇಡಿಯೋದವರು ಸಮಯ ಹೇಳಿದಾಗ ನನ್ನ ಗಡಿಯಾರಕ್ಕೆ ತಾಳೆಯಾಗಲಿಲ್ಲ, ಆಗಲೂ ಸುಮ್ಮನಿದ್ದೆ, ರೇಡಿಯೋದ ಬೆನ್ನಿಗೆ ಒಂದು ಏಟು ಹಾಕಿದೆ ಅಷ್ಟೇ. ಹೀಗೆ ವರ್ಷವೊಂದು ಕಳೆಯಿತು. ನಾನು ಸಾಕಷ್ಟು ಪಳಗಿದ್ದೇನೆ ಎಂದು ನನಗೇ ನಂಬಿಕೆ ಬಂತು.

ಕಳೆದ ಅವರೆಕಾಯಿ ಕಾಲದಲ್ಲಿ ಒಂದು ಮಧ್ಯಾಹ್ನ ನೀಲವ್ವ ಬಂದರು. ಹಿಂದಿನ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಇಬ್ಬರೂ ಕಾಯಿ ಸುಲಿಯಲು ಕೂತರು. ನಾನು ಒಳಗೆ ಕಿಟಕಿಯ ಪಕ್ಕ ಪೇಪರು ಓದುತ್ತಿದ್ದೆ. ಕಾಯಿ ಸುಲಿಯುವಾಗ ಕೈಗೆ ಮಾತ್ರ ಕೆಲಸ, ಬಾಯಿ ಖಾಲಿ. ಎಲ್ಲಿಂದಲೋ ಶುರುವಾದ ಮಾತು, ನೀಲವ್ವನವರ ಊರಿನ ಜೋಳದ ಹೊಲಕ್ಕೆ ಹೋಗಿ, ಅಲ್ಲಿಂದ ಹಾರಿ ನೇರ ಬರ್ಗಂಡಿಯಲ್ಲಿ ಇಳಿಯಿತು. "ಅವತ್ತ ಅರ್ಧಕ್ಕ ಬಿಟ್ಟೀರಿ ನೋಡ್ರಿ ಅಕ್ಕಾರ, ಆ ಮುದುಕಿ ನಿಮ್ಮನ್ನ ಎಲ್ಲಿಗೆ ಕರಕೊಂಡು ಹೋದ್ಲು?" ಎಂದು ನೀಲವ್ವ ಕೇಳುವುದು ನನಗೆ ಕೇಳಿಸಿತು. ನಾನು ಪೇಪರಿನ ಪುಟ ಮಗುಚುವುದನ್ನು ನಿಲ್ಲಿಸಿದೆ.

ರತ್ನ ಹೇಳತೊಡಗಿದಳು. ಆದರೆ ಇದು ಹಳೆಯ ರತ್ನ ಹೇಳುವ ರೀತಿಯಲ್ಲ. ಬಸ್ಸಿನಿಂದ ಇಳಿದೆವು, ಕಾರಲ್ಲ ಎಂದಳು. ಕಿಟಕಿ ಹಸಿರು, ಬಾಗಿಲು ಮರದ ಬಣ್ಣ ಎಂದಳು. ತೋಟದ ತುದಿ ಎನ್ನಹೊರಟು, ನಿಂತು, ಹಿಂಭಾಗ ಎಂದಳು. ಒಂದೊಂದು ಮಾತನ್ನೂ ಗೇಟಿನಲ್ಲಿ ನಿಲ್ಲಿಸಿ ಕಾರ್ಡು ನೋಡಿ ಒಳಗೆ ಬಿಡುತ್ತಿದ್ದಳು. ಕಿಟಕಿಯ ಈಚೆ ಕೂತಿದ್ದ ನಾನು ಆ ಗೇಟಿನವನು ಯಾರು ಎಂದು ಗುರುತಿಸಿದೆ. ಆದರೂ ಕಥೆ ನಡೆಯುತ್ತಿತ್ತಲ್ಲ, ಅದೇ ದೊಡ್ಡದು.

"ಅಲ್ಲಿ ಒಂದು ಹಳೇ ಬಳ್ಳಿ ಇತ್ತು, ತೊಡೆ ದಪ್ಪ. ಅಜ್ಜಿ ನನ್ನ ಅದರ ಬುಡದಲ್ಲಿ ಕೂರಿಸಿ, ತನ್ನ ಎದೆ ಮುಟ್ಕೊಂಡು, ಬಳ್ಳಿ ಮುಟ್ಟಿ, ಕೈಯಲ್ಲೇ ಏನೋ ಹೇಳಿದ್ರು ನೀಲಕ್ಕ. ನಂಗೆ ಪೂರ್ತಿ ಅರ್ಥ ಆಯ್ತು. ಅವತ್ತು..." ರತ್ನ ನಿಲ್ಲಿಸಿದಳು. "ಅವತ್ತು ಮಂಗಳವಾರ ಇರ್ಬೇಕು. ಶುಕ್ರವಾರಾನಾ? ತಾಳಿ." ಕಿಟಕಿಯ ಕಡೆ ಕತ್ತು ತಿರುಗಿಸಿ ಕೂಗಿದಳು. "ರೀ, ಆ ತೋಟಕ್ಕೆ ಹೋದದ್ದು ಯಾವ ವಾರ?"

ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಇರುತ್ತದೆಯೇ? ನಾಲಿಗೆಯ ತುದಿಗೆ ಬಂದು ನಿಂತಿತ್ತು. ಆದರೆ ಒಂದು ವರ್ಷ ಪಳಗಿಸಿದ ನಾಲಿಗೆ. ಇನ್ನು ಇವಳ ಕಥೆಯಲ್ಲಿ ನನ್ನ ಗಡಿಯಾರ ಬೇಡ, ಮಂಗಳವಾರವಾದರೆ ಮಂಗಳವಾರ, ಅವಳಿಗೆ ಬೇಕಾದ ವಾರ ಇಟ್ಟುಕೊಳ್ಳಲಿ ಎಂದು ದೊಡ್ಡ ಮನಸ್ಸು ಮಾಡಿದೆ. ಜೀವಮಾನದಲ್ಲಿ ಮೊದಲ ಬಾರಿಗೆ, ಬಹಳ ಮೃದುವಾಗಿ, "ನೆನಪಿಲ್ಲ ಕಣೇ" ಎಂದೆ.

ಮೊರದಲ್ಲಿ ಕಾಳು ಬೀಳುವ ಸದ್ದು ನಿಂತಿತು.

"ಇವರಿಗೇ ನೆನಪಿಲ್ವಂತೆ" ಎಂದಳು ರತ್ನ. "ಹಂಗಾದ್ರೆ ನಾನು ಏನೇನೋ ಸೇರಿಸ್ಕೊಂಡು ಹೇಳ್ತಿರ್ಬೇಕು. ಬಿಡಿ ನೀಲಕ್ಕ."

"ವಾರ ತಗೊಂಡು ಏನ್ ಮಾಡೂದೈತ್ರಿ? ಮುದುಕಿ ಏನಂದ್ಲು ಅದನ್ನ ಹೇಳ್ರಿ" ಎಂದು ನೀಲವ್ವ ಅಂಗಲಾಚಿದರು. ನಾನು ಕಿಟಕಿಯ ಈಚೆಯಿಂದ ಅವರಿಗಿಂತ ಹೆಚ್ಚು ಅಂಗಲಾಚುತ್ತಿದ್ದೆ, ಸದ್ದಿಲ್ಲದೆ. ರತ್ನ ಹಿತಕಿದ ಬೇಳೆಗೆ ಕಾಯಿ ಎಳೆಯದಾಗಿರಬೇಕೋ ಬಲಿತಿರಬೇಕೋ ಎಂಬ ವಿಷಯಕ್ಕೆ ಹೋದಳು. ನೀಲವ್ವ ಹೊರಡುವಾಗ ಕಿಟಕಿಯ ಮುಂದೆ ನಿಂತು ನನ್ನನ್ನು ನೋಡಿದರು. ಈ ಸಲ ಆ ನೋಟದ ಅರ್ಥ ಕೂಡಲೇ ತಿಳಿಯಿತು.

ಊಟದ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. "ರತ್ನ, ನೆನಪಾಯ್ತು. ಅವತ್ತು ಗುರುವಾರ" ಎಂದೆ. ಅವಳು ನನ್ನ ತಟ್ಟೆಗೆ ಸಾರು ಬಡಿಸುತ್ತಿದ್ದವಳು ಸೌಟು ಹಿಡಿದುಕೊಂಡೇ ನನ್ನ ಮುಖ ನೋಡಿದಳು. ಕರುಣೆಯಿಂದ ನೋಡಿದಳು.

"ನನ್ನ ಸಮಾಧಾನಕ್ಕೆ ಯಾವುದೋ ಒಂದು ವಾರ ಹೇಳ್ಬೇಡಿ. ವಯಸ್ಸಾದ ಮೇಲೆ ಎಲ್ರಿಗೂ ಆಗುತ್ತೆ, ನೀವೇನೂ ಬೇಜಾರ್ ಮಾಡ್ಕೋಬೇಡಿ" ಎಂದಳು.

ಮರುದಿನದಿಂದ ನನಗೆ ಬೆಳಿಗ್ಗೆ ಒಂದೆಲಗದ ಚಟ್ನಿ ಶುರುವಾಗಿದೆ, ಜ್ಞಾಪಕಶಕ್ತಿಗೆ ಒಳ್ಳೆಯದಂತೆ. ಅವಳೇ ಹಿತ್ತಿಲಲ್ಲಿ ಬೆಳೆದು, ಅವಳೇ ಅರೆದು, ನಾನು ಪೂರ್ತಿ ತಿನ್ನುವವರೆಗೆ ಎದುರಿಗೆ ಕೂರುತ್ತಾಳೆ. ಬಂದವರು ನನ್ನನ್ನು ಏನಾದರೂ ಕೇಳಿದರೆ, "ಅವರನ್ನ ಜಾಸ್ತಿ ಕೇಳ್ಬೇಡಿ, ಪಾಪ" ಎಂದು ಮೆಲ್ಲಗೆ ಹೇಳುತ್ತಾಳೆ. ನಾನು ತಲೆಯಾಡಿಸಿಕೊಂಡು ಚಟ್ನಿ ತಿನ್ನುತ್ತೇನೆ. ಒಂದೆಲಗ ಒಳ್ಳೆಯ ಔಷಧಿಯೇ ಇರಬೇಕು. ಬಸ್ ನಿಲ್ದಾಣದ ಆ ಫಲಕದ ಮುಂದೆ ನಾನು ನಿಂತದ್ದು ದಿನದಿನಕ್ಕೂ ಹೆಚ್ಚು ಸ್ಪಷ್ಟವಾಗಿ ಕಾಣುತ್ತಿದೆ, ಅದರ ಒಂದೊಂದು ಅಂಕಿಯೂ. ಗುರುವಾರವೇ ಅದು.